ಫೀಸು ಬೇಡ, ಪುರುಸೊತ್ತು ಬೇಕು

"ಜರ್ಮನಿಯಲ್ಲಿ ಓದು ಫ್ರೀ ಅಂತಲ್ಲ, ಹೌದಾ?" ಮಗನೋ ಮಗಳೋ ಎಂಜಿನಿಯರಿಂಗ್ ಮೂರನೇ ವರ್ಷಕ್ಕೆ ಕಾಲಿಟ್ಟ ಮನೆಗಳಲ್ಲಿ ಈಗ ಈ ಪ್ರಶ್ನೆ ಬಾರದೆ ಮಾತು ಮುಗಿಯುವುದಿಲ್ಲ. ಅಮೆರಿಕದ ಫೀಸು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಕೆನಡಾ 2024ರಿಂದ ವಿದ್ಯಾರ್ಥಿ ಪರ್ಮಿಟ್‌ಗಳಿಗೆ ಮಿತಿ ಹಾಕಿದೆ. ಹಾಗಾಗಿ ಕಣ್ಣು ಜರ್ಮನಿಯ ಕಡೆ ಹೊರಳಿದೆ. ಅಲ್ಲಿನ ಡಿಎಎಡಿ ಎಂಬ ವಿದ್ಯಾ ವಿನಿಮಯ ಸಂಸ್ಥೆಯ ಲೆಕ್ಕದಂತೆ 2023-24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಆ ದೇಶದಲ್ಲಿ ಓದುತ್ತಿದ್ದ ಭಾರತೀಯರು 49,483 ಮಂದಿ. ಅಷ್ಟು ಹೊತ್ತಿಗಾಗಲೇ ನಮ್ಮವರು ಚೀನಾದ ವಿದ್ಯಾರ್ಥಿಗಳನ್ನು ಹಿಂದೆ ಹಾಕಿ, ಜರ್ಮನಿಯ ವಿದೇಶಿ ವಿದ್ಯಾರ್ಥಿಗಳಲ್ಲೇ ಅತಿ ದೊಡ್ಡ ಗುಂಪಾಗಿದ್ದರು.

ಪ್ರಶ್ನೆಗೆ ಉತ್ತರ: ಹೌದು, ಬಹುಮಟ್ಟಿಗೆ ಫ್ರೀ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ನಮ್ಮವರಿಗೂ ಇಲ್ಲ. ಸೆಮಿಸ್ಟರಿಗೊಮ್ಮೆ ನೂರರಿಂದ ಮುನ್ನೂರೈವತ್ತು ಯೂರೋವರೆಗೆ ಒಂದು ವಂತಿಗೆ ಕಟ್ಟಬೇಕು. ಬಹಳ ಕಡೆ ಬಸ್ಸು-ರೈಲಿನ ಪಾಸೂ ಅದರೊಳಗೇ ಸೇರಿರುತ್ತದೆ. ಅಪವಾದಗಳೂ ಇವೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಯುರೋಪಿನ ಹೊರಗಿನವರ ಹತ್ತಿರ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ, ಹೈಡೆಲ್‌ಬರ್ಗ್, ಫ್ರೈಬುರ್ಗ್ ಎಲ್ಲ ಬರುವುದು ಅದೇ ರಾಜ್ಯದಲ್ಲಿ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024-25ರಿಂದ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ ಫೀಸು ಇಟ್ಟಿದೆ. ಆಖನ್, ಡ್ರೆಸ್ಡೆನ್, ಕೆಮ್ನಿಟ್ಸ್, ಮಾಗ್ಡೆಬುರ್ಗ್‌ಗಳ ಸರ್ಕಾರಿ ವಿಶ್ವವಿದ್ಯಾಲಯಗಳ ಸಾಮಾನ್ಯ ಮಾಸ್ಟರ್ಸ್ ಕೋರ್ಸುಗಳಿಗೆ ಹೊರಟವರಿಗೆ ಈ ಚಿಂತೆ ಇಲ್ಲ.

ಆದರೆ ಈ ಫೀಸಿಲ್ಲದ ಓದು ನಮ್ಮಿಂದ ಬೇರೊಂದನ್ನು ವಸೂಲು ಮಾಡುತ್ತದೆ: ಸಮಯ. ಕನಿಷ್ಠ ಒಂದೂವರೆ ವರ್ಷದ ತಯಾರಿ ಇದ್ದವರಿಗೆ ಮಾತ್ರ ಇದು ಅಗ್ಗ. ಡಿಗ್ರಿ ಕೈಗೆ ಬಂದ ಮೇಲೆ ಎದ್ದು ಹೊರಟವರು, ಹೋದ ಸಮಯಕ್ಕೆ ಬದಲಾಗಿ ದುಡ್ಡು ಸುರಿಯುತ್ತಾರೆ. ಏಜೆಂಟರಿಗೆ, ದುಬಾರಿ ಬಡ್ಡಿಯ ಸಾಲಕ್ಕೆ, ಕೊನೆಗೆ ಖಾಸಗಿ ಕಾಲೇಜಿಗೆ. ಹೀಗೆ ಪೇಚಿಗೆ ಸಿಕ್ಕ ಕುಟುಂಬಗಳನ್ನು ಹತ್ತಿರದಿಂದ ನೋಡಿದ್ದೇನೆ. ಅವರಲ್ಲಿ ಯಾರೂ ದಡ್ಡರಲ್ಲ, ಯಾರೂ ಸೋಮಾರಿಗಳಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವವರು ಅವರಿಗೆ ಇರಲಿಲ್ಲ, ಅಷ್ಟೆ.

ಹಿಂದಿನಿಂದ ಎಣಿಸೋಣ. ಚಳಿಗಾಲದ ಸೆಮಿಸ್ಟರ್ ಶುರುವಾಗುವುದು ಅಕ್ಟೋಬರಿನಲ್ಲಿ. ಅದಕ್ಕೆ ಮೊದಲು ವೀಸಾ ಕೈಗೆ ಬರಬೇಕು. ಅರ್ಜಿಯಿಂದ ವೀಸಾವರೆಗೆ ವಾರಗಳೂ ಆಗಬಹುದು, ತಿಂಗಳುಗಳೂ ಆಗಬಹುದು. ವೀಸಾ ಅರ್ಜಿಗೆ ಪ್ರವೇಶ ಪತ್ರ ಬೇಕು, ಒಂದು ವರ್ಷದ ಖರ್ಚಿನ ಹಣ ತೋರಿಸಬೇಕು. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶದ ಅರ್ಜಿಗೆ ಜುಲೈ 15 ಕೊನೆಯ ದಿನ ಎನ್ನುತ್ತಾರಾದರೂ, ವಿದೇಶಿಯರಿಗೆ ಹೆಸರಾದ ಕೋರ್ಸುಗಳು ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲೇ ಬಾಗಿಲು ಹಾಕುವುದುಂಟು. ಆ ಅರ್ಜಿಗೆ ಐಇಎಲ್‌ಟಿಎಸ್ ಅಂಕ ಬೇಕು. ಸಾಮಾನ್ಯವಾಗಿ ಕೇಳುವುದು 6.5. ಜೊತೆಗೆ ಎಪಿಎಸ್ ಪ್ರಮಾಣಪತ್ರವೂ ಇರಬೇಕು. ನಮ್ಮ ಅಂಕಪಟ್ಟಿಗಳು ಅಸಲಿಯೇ ಎಂದು ದೆಹಲಿಯಲ್ಲಿ ಪರಿಶೀಲಿಸಿ ಕೊಡುವ ಪತ್ರ ಇದು. 2022ರ ನವೆಂಬರ್ 1ರಿಂದ ಭಾರತೀಯರ ವಿದ್ಯಾರ್ಥಿ ವೀಸಾಕ್ಕೆ ಇದು ಕಡ್ಡಾಯ, ಶುಲ್ಕ 18,000 ರೂಪಾಯಿ. ಎಪಿಎಸ್‌ಗೆ ಕಳಿಸಲು ಹತ್ತನೇ ತರಗತಿಯಿಂದ ಹಿಡಿದು ಈವರೆಗಿನ ಅಂಕಪಟ್ಟಿಗಳೆಲ್ಲ ಕೈಯಲ್ಲಿರಬೇಕು. ಇಷ್ಟನ್ನೂ ಸಾಲಾಗಿ ಹಿಂದಕ್ಕೆ ಜೋಡಿಸುತ್ತ ಹೋದರೆ ಬಂದು ನಿಲ್ಲುವುದು ಹಿಂದಿನ ವರ್ಷದ ಏಪ್ರಿಲ್‌ಗೆ. ಅಂದರೆ ಬಿ.ಇ. ಆರನೇ ಸೆಮಿಸ್ಟರಿಗೆ.

ಆ ಏಪ್ರಿಲ್‌ನಲ್ಲಿ ಮೊದಲು ಮಾಡಬೇಕಾದ ಕೆಲಸ ಯಾವ ಕಾಲೇಜು ಎಂದು ಹುಡುಕುವುದಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಡಿಗ್ರಿಯ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್, ಐದನ್ನೂ ಮೇಜಿನ ಮೇಲೆ ಹರಡಿ ಹೆಸರು ಓದಿ ನೋಡಿ. ನಮ್ಮ ಕಡೆಯ ಹೆಸರುಗಳ ಕಥೆ ಗೊತ್ತಲ್ಲ. ಊರಿನದೊಂದು, ಅಪ್ಪನದೊಂದು ಇನಿಶಿಯಲ್. ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ. ಪಾಸ್‌ಪೋರ್ಟ್ ಮಾಡಿಸುವಾಗ ಆ ಇನಿಶಿಯಲ್ ಬಿಡಿಸಿ ಬರೆದಿರುತ್ತಾರೆ, ಊರ ಹೆಸರೇ ಮನೆತನದ ಹೆಸರಾಗಿ ಕೂತಿರುತ್ತದೆ. ಅಪ್ಪನ ಹೆಸರಿನ ಇಂಗ್ಲಿಷ್ ಅಕ್ಷರಗಳು ಒಂದೊಂದು ಕಾಗದದಲ್ಲಿ ಒಂದೊಂದು ಥರ. ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳದ ಈ ವ್ಯತ್ಯಾಸ ಅಲ್ಲಿನ ಕಚೇರಿಗೆ ಇಬ್ಬರು ಬೇರೆ ಬೇರೆ ಮನುಷ್ಯರ ಹಾಗೆ ಕಾಣುತ್ತದೆ. ತಿದ್ದಿಸಲು ಪರೀಕ್ಷಾ ಮಂಡಳಿಗೆ ಅರ್ಜಿ, ಅಫಿಡವಿಟ್, ಶಾಲೆಯ ದಾಖಲೆ ಎಂದು ಓಡಾಟ ಹಿಡಿದರೆ ತಿಂಗಳುಗಳೇ ಬೇಕು. ಏಪ್ರಿಲ್‌ನಲ್ಲಿ ಸಿಕ್ಕಿದ ತಪ್ಪು ಡಿಸೆಂಬರ್ ಹೊತ್ತಿಗೆ ಸರಿಯಾಗುತ್ತದೆ. ಹೊರಡುವ ವರ್ಷದ ಜೂನ್‌ನಲ್ಲಿ ಸಿಕ್ಕಿದ ತಪ್ಪಿಗೆ ಒಂದು ವರ್ಷವೇ ಹೋಗುತ್ತದೆ.

ಎರಡನೆಯದು ಅಂಕ. ಜರ್ಮನಿಯಲ್ಲಿ ಅಂಕದ ಲೆಕ್ಕ ನಮ್ಮದಕ್ಕೆ ತಿರುವುಮುರುವು: 1 ಅಂದರೆ ಅತ್ಯುತ್ತಮ, 4 ಅಂದರೆ ಕಷ್ಟಪಟ್ಟು ಪಾಸು. ನಮ್ಮ ಸಿಜಿಪಿಎಯನ್ನು ಅದಕ್ಕೆ ಹೊಂದಿಸಲು ಬವೇರಿಯನ್ ಸೂತ್ರ ಎಂಬುದೊಂದನ್ನು ಬಳಸುತ್ತಾರೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು ಗರಿಷ್ಠಕ್ಕೂ ಪಾಸಿಗೂ ಇರುವ ಅಂತರದಿಂದ ಭಾಗಿಸಿ. 3ರಿಂದ ಗುಣಿಸಿ 1 ಕೂಡಿಸಿ. ಹತ್ತಕ್ಕೆ 7 ಸಿಜಿಪಿಎ ಇದ್ದು ಪಾಸಿಗೆ 4 ಸಾಕು ಎಂಬ ನಿಯಮವಿದ್ದರೆ ಬರುವುದು 2.5. ಅದೇ 7ಕ್ಕೆ, ಪಾಸಿಗೆ 5 ಬೇಕು ಎನ್ನುವ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಬರುವುದು 2.8. ಎಷ್ಟೋ ಮಾಸ್ಟರ್ಸ್ ಕೋರ್ಸುಗಳು 2.5ಕ್ಕೇ ಗೆರೆ ಎಳೆದಿರುತ್ತವೆ. ಪಾಸಿನ ಅಂಕ ಎಷ್ಟು ಎಂಬ ಒಂದೇ ಸಾಲಿನ ಮೇಲೆ ಒಳಗೆ-ಹೊರಗೆ ತೀರ್ಮಾನವಾಗುತ್ತದೆ ಎಂದಾಯಿತು. ಆದ್ದರಿಂದ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ತರಿಸುವಾಗ ಗರಿಷ್ಠ ಅಂಕ, ಪಾಸಿನ ಅಂಕ ಎರಡೂ ಅದರಲ್ಲಿ ನಮೂದಾಗಿವೆಯೇ ಎಂದು ನೋಡಿಕೊಳ್ಳಿ. ಪಠ್ಯಕ್ರಮದ ಪ್ರತಿಯನ್ನೂ ಇಟ್ಟುಕೊಳ್ಳಿ. ಅಲ್ಲಿನ ಪ್ರಾಧ್ಯಾಪಕರು ಗಣಿತ ಎಷ್ಟು ಓದಿದ್ದಾರೆ, ಮೆಕ್ಯಾನಿಕ್ಸ್ ಎಷ್ಟು, ಪ್ರೋಗ್ರಾಮಿಂಗ್ ಎಷ್ಟು ಎಂದು ಕ್ರೆಡಿಟ್ ಲೆಕ್ಕದಲ್ಲಿ ತಾಳೆ ನೋಡುತ್ತಾರೆ. ಮೆಕ್ಯಾನಿಕಲ್ ಓದಿದವರು ಡೇಟಾ ಸೈನ್ಸ್‌ಗೆ ಹಾರುತ್ತೇವೆ ಅಂದರೆ, ಅಂಕ ಎಷ್ಟೇ ಚೆನ್ನಾಗಿದ್ದರೂ ಬಾಗಿಲು ತೆರೆಯದೇ ಇರುವುದು ಇದೇ ಕಾರಣಕ್ಕೆ.

ಪಿಯುಸಿ ಮುಗಿಸಿದ ಮಕ್ಕಳನ್ನು ನೇರವಾಗಿ ಕಳಿಸಬಹುದೇ ಎಂದೂ ಕೇಳುತ್ತಾರೆ. ಹನ್ನೆರಡನೇ ತರಗತಿ ಒಂದರ ಬಲದಿಂದ ಪದವಿಗೆ ನೇರ ಪ್ರವೇಶ ಇಲ್ಲ. ಜೆಇಇ ಅಡ್ವಾನ್ಸ್ಡ್ ದಾಟಿರಬೇಕು, ಇಲ್ಲವೇ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಅದೇ ವಿಷಯ ಓದಿ ತೇರ್ಗಡೆಯಾಗಿರಬೇಕು, ಅದೂ ಇಲ್ಲವಾದರೆ ಅಲ್ಲಿಗೇ ಹೋಗಿ ಸ್ಟೂಡಿಯನ್‌ಕೊಲೆಗ್ ಎಂಬ ಒಂದು ವರ್ಷದ ಪೂರ್ವಸಿದ್ಧತಾ ಕೋರ್ಸು ಮಾಡಬೇಕು. ಪದವಿ ತರಗತಿಗಳ ಪಾಠ ಹೆಚ್ಚಾಗಿ ಜರ್ಮನ್ ಭಾಷೆಯಲ್ಲೇ. ಹದಿನೆಂಟರ ಹುಡುಗರಿಗೆ ಇದು ದೊಡ್ಡ ಹೊರೆ. ಇಲ್ಲಿ ಪದವಿ ಮುಗಿಸಿ ಮಾಸ್ಟರ್ಸ್‌ಗೆ ಹೋಗುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಇನ್ನು ದುಡ್ಡು. ಫೀಸು ಇಲ್ಲದಿದ್ದರೂ ಹೊಟ್ಟೆಪಾಡು, ಬಾಡಿಗೆ, ವಿಮೆ ಇದ್ದೇ ಇರುತ್ತವಲ್ಲ. ವಿದ್ಯಾರ್ಥಿ ಅಲ್ಲಿ ಕೈ ಖಾಲಿಯಾಗಿ ನಿಲ್ಲಬಾರದು ಎಂದು ಜರ್ಮನ್ ಸರ್ಕಾರ ಒಂದು ವರ್ಷದ ಖರ್ಚನ್ನು ಮುಂಗಡವಾಗಿ ಬ್ಲಾಕ್ಡ್ ಅಕೌಂಟ್ ಎಂಬ ಖಾತೆಯಲ್ಲಿ ಇಡಿಸುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತವನ್ನು 11,904 ಯೂರೋಗೆ ಏರಿಸಿದರು. ಯೂರೋಗೆ ನೂರು ರೂಪಾಯಿ ಹಿಡಿದರೆ ಸುಮಾರು ಹನ್ನೆರಡು ಲಕ್ಷ. ಹಣ ನಮ್ಮದೇ, ಆದರೆ ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಮಾತ್ರ ಬಿಡುತ್ತಾರೆ. ಲೈಪ್ಸಿಗ್, ಕೆಮ್ನಿಟ್ಸ್‌ನಂಥ ಊರಿನಲ್ಲಿ ಇಷ್ಟರಲ್ಲಿ ದಿನ ಕಳೆಯಬಹುದು. ಮ್ಯೂನಿಕ್‌ನಲ್ಲಿ ಬಾಡಿಗೆಗೇ ಇದರ ಬಹುಪಾಲು ಹೋಗುತ್ತದೆ. ಊರು ಆರಿಸುವಾಗ ರ‍್ಯಾಂಕಿಂಗ್ ಪಟ್ಟಿ ನೋಡುವ ಮಕ್ಕಳು ಬಾಡಿಗೆಯ ಪಟ್ಟಿಯನ್ನೂ ನೋಡಲಿ. ಪ್ರವೇಶ ಪತ್ರ ಬಂದ ದಿನವೇ ವಿದ್ಯಾರ್ಥಿ ಹಾಸ್ಟೆಲಿಗೆ ಅರ್ಜಿ ಹಾಕಲಿ, ಅಲ್ಲಿನ ಸರದಿ ಉದ್ದ ಇರುತ್ತದೆ.

ಈ ಹನ್ನೆರಡು ಲಕ್ಷ, ಮೇಲೆ ವಿಮಾನ, ವಿಮೆ, ಮೊದಲ ತಿಂಗಳ ಖರ್ಚು ಸೇರಿ ಹದಿನೈದು ಲಕ್ಷ ಎಲ್ಲಿಂದ ತರುವುದು? ಸರ್ಕಾರಿ ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷದವರೆಗೆ ಆಸ್ತಿ ಅಡಮಾನ ಬೇಡ. ಅದಕ್ಕೂ ಮೇಲೆ ಬೇಕಾದರೆ ಆಸ್ತಿಪತ್ರ ಮುಂದಿಡಬೇಕು. ನಮ್ಮ ಹಳ್ಳಿ, ಸಣ್ಣ ಊರಿನ ಕುಟುಂಬಗಳು ಮುಗ್ಗರಿಸುವುದು ಇಲ್ಲೇ. ಅರಕಲಗೂಡು ಕಡೆಯ ಒಂದು ಮನೆಯವರು ನನಗೆ ಗೊತ್ತು. ಐದು ಎಕರೆ ಜಮೀನು, ಶುಂಠಿ ಬೆಳೆ, ಊರೊಳಗೆ ಸ್ವಂತ ಮನೆ. ಮಗಳಿಗೆ ಮೇ ತಿಂಗಳಲ್ಲಿ ಪ್ರವೇಶ ಪತ್ರ ಬಂತು. ಬ್ಯಾಂಕಿಗೆ ಹೋದರೆ ಶಿಕ್ಷಣ ಸಾಲಕ್ಕೆ ಕೃಷಿ ಜಮೀನು ಹಿಡಿಯುವುದಿಲ್ಲ ಎಂದರು. ಮನೆ ಇಡೋಣವೆಂದರೆ ಖಾತೆ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇತ್ತು. ಪೌತಿ ಖಾತೆ ಆಗಬೇಕು, ಅದಕ್ಕೆ ವಂಶವೃಕ್ಷ ಬೇಕು, ದೊಡ್ಡಪ್ಪ-ಅತ್ತೆಯರೆಲ್ಲ ಬಂದು ಸಹಿ ಹಾಕಬೇಕು, ಪಂಚಾಯಿತಿಯಿಂದ ಇ-ಸ್ವತ್ತಿನ ನಮೂನೆ 9 ಮತ್ತು 11 ತೆಗೆಸಬೇಕು, ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ ತರಬೇಕು, ಬ್ಯಾಂಕಿನ ವಕೀಲರು ಓದಿ ಸರಿಯಿದೆ ಎನ್ನಬೇಕು. ಇಷ್ಟಾಗುವಾಗ ಸೆಪ್ಟೆಂಬರ್ ಬಂತು. ಕೊನೆಗೆ ಅಡಮಾನ ಕೇಳದ ಖಾಸಗಿ ಸಾಲಸಂಸ್ಥೆಯಿಂದ ಹೆಚ್ಚಿನ ಬಡ್ಡಿಗೆ ಸಾಲ ಎತ್ತಿದರು. ಆ ತಂದೆಗೆ ಆಸ್ತಿಯ ಕೊರತೆ ಇರಲಿಲ್ಲ; ಆ ಆಸ್ತಿಯ ಕಾಗದ ಅವರ ಹೆಸರಿಗೆ ಆಗಿರಲಿಲ್ಲ. ಬೆಂಗಳೂರಿನವರಿಗೆ ಇದೇ ತೊಡಕು ಬಿ ಖಾತೆಯ ರೂಪದಲ್ಲಿ ಎದುರಾಗುತ್ತದೆ. ಮಕ್ಕಳು ಐಇಎಲ್‌ಟಿಎಸ್‌ಗೆ ಕೂರುವ ಹೊತ್ತಿಗೆ ಅಪ್ಪ-ಅಮ್ಮ ತಾಲ್ಲೂಕು ಕಚೇರಿಗೆ, ಪಂಚಾಯಿತಿಗೆ ಓಡಾಟ ಶುರು ಮಾಡಿರಬೇಕು. ರೈತರಿಗೆ ಇನ್ನೊಂದು ಮಾತು: ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ರಿಟರ್ನ್ಸ್ ಸಲ್ಲಿಸಿರುವುದಿಲ್ಲ, ಬ್ಯಾಂಕು ಮೊದಲು ಕೇಳುವುದು ಅದನ್ನೇ. ಆದಾಯಕ್ಕೆ ಬೇರೆ ಯಾವ ದಾಖಲೆ ಒಪ್ಪುತ್ತೀರಿ ಎಂದು ಮ್ಯಾನೇಜರ್ ಹತ್ತಿರ ಮುಂಚೆಯೇ ಕೇಳಿಟ್ಟುಕೊಳ್ಳಿ. ಪಿಎಂ ವಿದ್ಯಾಲಕ್ಷ್ಮಿ ಎಂಬ ಹೊಸ ಯೋಜನೆಯನ್ನು ನೆಚ್ಚಿ ಕೂರಬೇಡಿ. ಅದು ದೇಶದೊಳಗಿನ ಆಯ್ದ ಸಂಸ್ಥೆಗಳಿಗೆ ಮಾತ್ರ.

ಸಾಲ ಮಾಡದೆ ಹೋಗುವ ದಾರಿಗಳೂ ಇವೆ, ಅವಕ್ಕೂ ಸಮಯವೇ ಬಂಡವಾಳ. ಡಿಎಎಡಿಯ ವಿದ್ಯಾರ್ಥಿವೇತನಗಳ ಅರ್ಜಿ ಗಡುವು ಎಷ್ಟೋ ಸಲ ಕೋರ್ಸು ಶುರುವಾಗುವ ಒಂದು ವರ್ಷ ಮೊದಲೇ ಮುಗಿದಿರುತ್ತದೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಹಾಗೂ ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ; ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷ ಮೀರಿರಬಾರದು. ನಮ್ಮ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗಾಗಿಯೇ ಇರುವುದು. ಇವುಗಳ ಹೆಸರೇ ಗೊತ್ತಿಲ್ಲದ ಮಕ್ಕಳು ನಮ್ಮ ತಾಲ್ಲೂಕು ಕೇಂದ್ರದ ಕಾಲೇಜುಗಳಲ್ಲಿ ಇದ್ದಾರೆ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ. ಪ್ಲೇಸ್‌ಮೆಂಟ್ ಬೋರ್ಡಿನ ಪಕ್ಕದಲ್ಲಿ ಒಂದು ಹಾಳೆ ಅಂಟಿಸಿದರೆ ಸಾಕು, ಕಾಲೇಜುಗಳು ಅಷ್ಟನ್ನಾದರೂ ಮಾಡಬೇಕು.

ಈಗ ಏಜೆಂಟರ ಮಾತು. ಒಳ್ಳೆಯ ಸಲಹೆಗಾರರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಸರ್ಕಾರಿ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ವಿದ್ಯಾರ್ಥಿ ತಾನೇ ಮಾಡಿಕೊಳ್ಳಲಾಗದ ಕೆಲಸ ಒಂದೂ ಇಲ್ಲ. ಕೋರ್ಸುಗಳ ಪಟ್ಟಿ ಡಿಎಎಡಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅನೇಕ ವಿಶ್ವವಿದ್ಯಾಲಯಗಳ ಅರ್ಜಿ ಯೂನಿ-ಅಸಿಸ್ಟ್ ಎಂಬ ಒಂದೇ ಕಿಟಕಿಯಲ್ಲಿ ಹೋಗುತ್ತದೆ; ಮೊದಲ ಅರ್ಜಿಗೆ 75 ಯೂರೋ, ಆಮೇಲಿನ ಪ್ರತಿಯೊಂದಕ್ಕೆ 30. ಏಜೆಂಟರಿಗೆ ಕಮಿಷನ್ ಬರುವುದು ಸಾಮಾನ್ಯವಾಗಿ ಖಾಸಗಿ ಸಂಸ್ಥೆಗಳಿಂದ. ಹಾಗಾಗಿ ಆಗಸ್ಟ್ ತಿಂಗಳಲ್ಲಿ ಗಾಬರಿಯಿಂದ ಬಂದ ಹುಡುಗನಿಗೆ "ಇನ್ನೂ ಸೀಟಿದೆ, ಇಂಗ್ಲಿಷ್‌ನಲ್ಲೇ ಪಾಠ, ಗಡುವಿನ ಚಿಂತೆ ಬೇಡ" ಎಂದು ತೋರಿಸುವುದು ವರ್ಷಕ್ಕೆ ಹತ್ತು ಸಾವಿರ ಯೂರೋ ಆಸುಪಾಸಿನ ಫೀಸು ಇರುವ ಖಾಸಗಿ ಕೋರ್ಸನ್ನು. ಫೀಸಿಲ್ಲದ ದೇಶಕ್ಕೆ ಹೊರಟ ಹುಡುಗ ಇಪ್ಪತ್ತು ಲಕ್ಷದ ಫೀಸು ಹೊತ್ತು ಇಳಿಯುವುದು ಹೀಗೆ. ಖಾಸಗಿಯೆಲ್ಲ ಕೆಟ್ಟದ್ದೆಂದಲ್ಲ. ಆ ಸಂಸ್ಥೆಗೆ ಸರ್ಕಾರದ ಮಾನ್ಯತೆ ಇದೆಯೇ, ಅನಾಬಿನ್ ಎಂಬ ಅಲ್ಲಿನ ಅಧಿಕೃತ ಪಟ್ಟಿಯಲ್ಲಿ ಅದಕ್ಕೆ ಎಚ್ ಪ್ಲಸ್ ದರ್ಜೆ ಇದೆಯೇ, ಪಾಠ ತರಗತಿಯಲ್ಲಿ ನಡೆಯುತ್ತದೆಯೋ ಆನ್‌ಲೈನ್‌ನಲ್ಲೋ, ಈ ಮೂರನ್ನು ನೋಡದೆ ಒಂದು ರೂಪಾಯಿಯನ್ನೂ ಕಟ್ಟಬಾರದು. ಹೆಚ್ಚಿನ ಪಾಠ ಆನ್‌ಲೈನ್‌ನಲ್ಲೇ ನಡೆಯುವ ಕೋರ್ಸಿಗೆ ಅಲ್ಲೇ ಬಂದಿರಬೇಕಾದ ಅಗತ್ಯವೇನು ಎಂದು ವಲಸೆ ಕಚೇರಿ ಕೇಳುತ್ತದೆ. 2025ರಲ್ಲಿ ಬರ್ಲಿನ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳು ಇದೇ ಕಾರಣಕ್ಕೆ ವಾಸದ ಪರವಾನಗಿಯ ಸಂಕಟಕ್ಕೆ ಸಿಕ್ಕಿದ್ದರು.

ವೀಸಾ ಅರ್ಜಿಯಲ್ಲೂ ಹಿಂದಿನ ಸಲಿಗೆ ಈಗಿಲ್ಲ. ತಿರಸ್ಕಾರವಾದರೆ ಪುನರ್‌ಪರಿಶೀಲಿಸಿ ಎಂದು ಕಾನ್ಸುಲೇಟಿಗೇ ಬರೆದುಕೊಳ್ಳುವ ಅವಕಾಶ ಮೊದಲು ಇತ್ತು. 2025ರ ಜುಲೈ 1ರಿಂದ ಅದನ್ನು ಎಲ್ಲ ದೇಶಗಳಲ್ಲೂ ತೆಗೆದುಹಾಕಿದ್ದಾರೆ. ಈಗ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್‌ನ ನ್ಯಾಯಾಲಯಕ್ಕೆ ಹೋಗಬೇಕು. ಕಾಗದ ಅರೆಬರೆ ಇದ್ದರೂ ಹಾಕಿ ನೋಡೋಣ ಎನ್ನುವ ಧೈರ್ಯ ಬೇಡ. ಈ ಕೋರ್ಸೇ ಯಾಕೆ, ಈ ದೇಶವೇ ಯಾಕೆ ಎಂದು ಬರೆಯುವ ಪತ್ರವನ್ನು ಬೇರೆಯವರಿಂದ ಬರೆಸದೆ ಸ್ವಂತವಾಗಿ ಬರೆಯಿರಿ. ಪತ್ರದಲ್ಲಿ ಬರೆದದ್ದು ಒಂದು, ಸಂದರ್ಶನದಲ್ಲಿ ಹೇಳಿದ್ದು ಇನ್ನೊಂದು ಆದರೆ ಕೆಲಸ ಕೆಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಉದಾಸೀನಕ್ಕೆ ಗುರಿಯಾಗುವುದು ಭಾಷೆ. ಮಾಸ್ಟರ್ಸ್ ಪಾಠ ಇಂಗ್ಲಿಷ್‌ನಲ್ಲಿದೆ, ಜರ್ಮನ್ ಯಾಕೆ ಎನ್ನುತ್ತಾರೆ. ಪಾಠ ಇಂಗ್ಲಿಷ್‌ನಲ್ಲಿ ಇರಬಹುದು. ಮನೆ ಮಾಲೀಕರ ಪತ್ರ, ವಿಮೆಯ ನೋಟಿಸು, ನಗರ ಕಚೇರಿಯ ನೋಂದಣಿ, ವೈದ್ಯರ ಚೀಟಿ ಎಲ್ಲವೂ ಜರ್ಮನ್‌ನಲ್ಲೇ. ಮುಖ್ಯವಾಗಿ ಕೆಲಸ. ವಿದೇಶಿ ವಿದ್ಯಾರ್ಥಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. 2024ರ ಮಾರ್ಚ್‌ಗೆ ಮೊದಲು ಇದು 120 ಮತ್ತು 240 ಇತ್ತು. 2025ರಲ್ಲಿ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ. ಕೇಳಲು ಚೆನ್ನಾಗಿದೆ. ಆದರೆ ಓದಿಗೆ ಹೊಂದುವ ಕೆಲಸ, ಕಂಪನಿಯಲ್ಲಿ ವಿದ್ಯಾರ್ಥಿ ನೌಕರಿ, ಹೆಚ್ಚಾಗಿ ಸಿಗುವುದು ಭಾಷೆ ಬಂದವರಿಗೆ. ಬಾರದವರು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಾರೆ, ರಾತ್ರಿ ಪಾಳಿ ಮಾಡುತ್ತಾರೆ, ಬೆಳಗಿನ ತರಗತಿಯಲ್ಲಿ ತೂಕಡಿಸುತ್ತಾರೆ, ಎರಡು ವರ್ಷದ ಕೋರ್ಸು ಮೂರಕ್ಕೆ ಎಳೆಯುತ್ತದೆ. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ತರಗತಿಗಳಿವೆ, ಆನ್‌ಲೈನ್‌ನಲ್ಲೂ ಕಲಿಸುತ್ತಾರೆ. ಆರನೇ ಸೆಮಿಸ್ಟರಿನಲ್ಲಿ ಜರ್ಮನ್ನಿನ ಮೊದಲ ಹಂತವಾದ ಎ1 ಹಿಡಿದವರು ವಿಮಾನ ಹತ್ತುವ ಹೊತ್ತಿಗೆ ಬಿ1 ಮುಗಿಸಬಹುದು. ಹದಿನೆಂಟು ತಿಂಗಳಿನ ಅತ್ಯುತ್ತಮ ಬಳಕೆ ಇದೇ ಎಂದು ನಾನು ಒತ್ತಿ ಹೇಳುತ್ತೇನೆ. ಅಂಕ ತಿದ್ದಲಾಗದು, ಆಸ್ತಿ ಹುಟ್ಟಿಸಲಾಗದು, ಭಾಷೆ ಮಾತ್ರ ಪೂರ್ತಿ ವಿದ್ಯಾರ್ಥಿಯ ಕೈಯಲ್ಲಿದೆ.

ಹೊರಡುವ ಮುಂಚೆ ಅಪ್ಪ-ಅಮ್ಮ, ಮಕ್ಕಳು ಒಟ್ಟಿಗೆ ಕೂತು ಒಂದು ಲೆಕ್ಕ ಹಾಕಲಿ. ಹದಿನೈದು ಲಕ್ಷ ಸಾಲ, ಶೇಕಡ 10 ಬಡ್ಡಿ. ಎರಡು ವರ್ಷದ ಓದು, ಮೇಲೆ ಒಂದು ವರ್ಷ ಕಂತಿಗೆ ವಿನಾಯಿತಿ. ಆ ಮೂರು ವರ್ಷದಲ್ಲಿ ಸರಳ ಬಡ್ಡಿಯೇ ನಾಲ್ಕೂವರೆ ಲಕ್ಷ ಬೆಳೆಯುತ್ತದೆ. ಹತ್ತೊಂಬತ್ತೂವರೆ ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 26 ಸಾವಿರ ಕಂತು. ಡಿಗ್ರಿ ಮುಗಿದ ಮೇಲೆ ಕೆಲಸ ಹುಡುಕಲು ಜರ್ಮನಿ 18 ತಿಂಗಳ ವಾಸ ಕೊಡುತ್ತದೆ. ಅಷ್ಟರಲ್ಲಿ ಕೆಲಸ ಸಿಕ್ಕರೆ ಈ ಕಂತು ಭಾರವೇ ಅಲ್ಲ. ಸಿಗದೆ ಬೆಂಗಳೂರಿಗೆ ಮರಳಬೇಕಾಗಿ ಬಂದರೆ, ಇಲ್ಲಿನ ಮೊದಲ ಸಂಬಳದಲ್ಲಿ ಬಾಡಿಗೆ ಕಟ್ಟಿ 26 ಸಾವಿರ ಉಳಿಯುತ್ತದೆಯೇ? ಉಳಿಯದಿದ್ದರೆ ಆ ಕಂತು ಯಾರು ಕಟ್ಟುತ್ತಾರೆ, ಎಷ್ಟು ತಿಂಗಳು ಕಟ್ಟಬಲ್ಲರು? ಈ ಮಾತು ಆಡಲು ಮನೆಗಳಲ್ಲಿ ಹಿಂಜರಿಯುತ್ತಾರೆ, ಹೊರಡುವ ಮೊದಲೇ ಅಪಶಕುನ ಯಾಕೆ ಎಂದು. ಆಡಿದ ಮನೆಯ ಮಕ್ಕಳು ಅಲ್ಲಿ ಕಷ್ಟ ಬಂದಾಗ ಮನೆಗೆ ಫೋನ್ ಮಾಡಿ ಹೇಳುತ್ತಾರೆ. ಆಡದ ಮನೆಯ ಮಕ್ಕಳು ಎಲ್ಲ ಚೆನ್ನಾಗಿದೆ ಎನ್ನುತ್ತ ಒಳಗೇ ಬೇಯುತ್ತಾರೆ. ಲೆಕ್ಕ ಹಾಕಿದ ಮೇಲೂ ಹೋಗುವುದೇ ಸರಿ ಎನಿಸಿದರೆ ಧೈರ್ಯವಾಗಿ ಹೊರಡಲಿ. ಈ ಸಲ ಆಗುವುದಿಲ್ಲ ಎನಿಸಿದರೆ ಇಲ್ಲೇ ಎರಡು ವರ್ಷ ಕೆಲಸ ಮಾಡಲಿ. ಬೆಂಗಳೂರಿನಲ್ಲೇ ಬಾಷ್, ಸೀಮೆನ್ಸ್, ಎಸ್‌ಎಪಿಯಂಥ ಜರ್ಮನ್ ಕಂಪನಿಗಳಿವೆ. ಅಲ್ಲಿನ ಅನುಭವ, ಕೂಡಿಟ್ಟ ದುಡ್ಡು, ಸಂಜೆ ಕಲಿತ ಜರ್ಮನ್ ಜೊತೆಗಿದ್ದರೆ ಇಪ್ಪತ್ನಾಲ್ಕರಲ್ಲಿ ಹಾಕುವ ಅರ್ಜಿ ಇಪ್ಪತ್ತೆರಡರದ್ದಕ್ಕಿಂತ ಗಟ್ಟಿಯಾಗಿರುತ್ತದೆ, ಸಾಲವೂ ಅರ್ಧಕ್ಕೆ ಇಳಿದಿರುತ್ತದೆ.